ಹೊಳೆದಂಡೆ ಗದ್ದೆಗೆ ಅಡಿಕೆ ಹಾಕಬಹುದಾ? ಗುಂಡಿಯಾಗೆ ಬೂದುಮಣ್ಣು ಬಂದೈತೆ

ಹರಿಹರ ಹೊಳೆಸಾಲು:
ಎಲ್ಲಾರಿಗೂ ನಮಸ್ಕಾರ. ಹರಿಹರ ತಾಲ್ಲೂಕಿನಾಗೆ ತುಂಗಭದ್ರಾ ಹೊಳೆ ಪಕ್ಕ ನಮ್ದು ಮೂರು ಎಕರೆ ಗದ್ದೆ. ಭದ್ರಾ ನಾಲೆ ನೀರು ಬರ್ತತೆ, ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೀತಾ ಬಂದೀವಿ. ಈಗ ಸುತ್ತಮುತ್ತ ಎಲ್ಲಾ ಅಡಿಕೆ ಆಗ್ತಾ ಐತೆ, ತಮ್ಮ ಈ ಮುಂಗಾರಿಗೇ ಸಸಿ ಇಡಾಣ ಅಂತ ಕುಂತಾನೆ. ನಂಗೆ ಮಣ್ಣಿನ ಮ್ಯಾಲೆ ಧೈರ್ಯ ಬರ್ತಾ ಇಲ್ಲ.

ಒಣಗಿದಾಗ ಬೆರಳಾಗೆ ತಿಕ್ಕಿದ್ರೆ ಮೈದಾಹಿಟ್ಟಿನಂಗೆ ನುಣುಪು. ಎರೆಮಣ್ಣಿನಂಗೆ ಅಂಟಲ್ಲ, ಮರಳಿನಂಗೆ ಗರಗರ ಅನ್ನಲ್ಲ. ಒಂದು ಮಳೆ ಬಿದ್ದು ಬಿಸಿಲು ಬಂದ್ರೆ ಮ್ಯಾಲೆ ಹಕ್ಕಳೆ ಕಟ್ತತೆ, ಭತ್ತ ಕೊಯ್ದ ಮ್ಯಾಲೆ ಉದ್ದು ಚೆಲ್ಲಿದ್ರೆ ಮೊಳಕೆ ಮ್ಯಾಲೆ ಬರಾಕೆ ಒದ್ದಾಡ್ತತೆ. ಮಳೆಗಾಲದಾಗೆ ನೀರು ಇಂಗೋದೇ ಇಲ್ಲ. ಮೊನ್ನೆ ಗುಂಡಿ ತೆಗೆಸಿದ್ವಿ. ಎರಡಡಿ ಕೆಳಗೆ ಬೂದಿಬಣ್ಣದ ಮಣ್ಣು, ಅದ್ರಾಗೆ ತುಕ್ಕಿನ ಗೆರೆ. ಟಿಪ್ಪರ್‌ನೋರು ಎರಡಡಿ ಕೆಂಪುಮಣ್ಣು ಹೊಡೆಸಿದ್ರೆ ಎಲ್ಲಾ ಸರಿಹೋಗ್ತತೆ ಅಂತಾರೆ. ತಿಳಿದೋರು ಹೇಳ್ರಿ.

ಚನ್ನಗಿರಿ ತೋಟ:
ಅಣ್ಣಾರೇ, ಗದ್ದೆ ಅಂದ ಮ್ಯಾಲೆ ಬೂದುಮಣ್ಣು ಇದ್ದೇ ಇರ್ತತೆ, ಅದಕ್ಕೆ ಹೆದರಬ್ಯಾಡ್ರಿ. ನಮ್ಮ ಕಡೆ ಗದ್ದೆ ಒಡೆದು ತೋಟ ಮಾಡಿದೋರು ಬೇಕಾದಷ್ಟು ಜನ ಅದಾರೆ. ನಮ್ದೂ ಗದ್ದೆಯಾಗಿದ್ದ ಜಾಗನೇ. ಮೊದಲು ಕೆಳಗಿನ ಗಟ್ಟಿ ಪದರ ಒಡೆಸ್ರಿ, ಎರಡು ಸಾಲಿಗೊಂದು ಬಸಿಗಾಲುವೆ ತೆಗೀರಿ, 9 ಅಡಿಗೆ 9 ಅಡಿ ಸಸಿ ಇಡ್ರಿ. ಕೆಂಪುಮಣ್ಣಿಗೆ ದುಡ್ಡು ಸುರೀಬ್ಯಾಡ್ರಿ, ಅದೇ ದುಡ್ಡು ಕಾಲುವೆಗೆ ಹಾಕ್ರಿ.

ಮಣ್ಣು ವಿದ್ಯಾರ್ಥಿನಿ:
ನಮಸ್ಕಾರ ಅಣ್ಣ. ನಾನು ಶಿವಮೊಗ್ಗದಲ್ಲಿ ಮಣ್ಣು ವಿಜ್ಞಾನ ಓದುತ್ತಿದ್ದೇನೆ, ಊರು ದಾವಣಗೆರೆ ಕಡೆಯೇ. ನೀವು ಹೇಳಿದ ಲಕ್ಷಣಗಳೆಲ್ಲ ಒಂದಕ್ಕೊಂದು ಹೊಂದುತ್ತವೆ. ಅದು ರೇವೆ ಹೆಚ್ಚಿರುವ ಮೆಕ್ಕಲು ಮಣ್ಣು. ರೇವೆಯ ಕಣ 0.002 ಮಿಲಿಮೀಟರಿನಿಂದ 0.05 ಮಿಲಿಮೀಟರಿನಷ್ಟಿರುತ್ತದೆ. ಅದಕ್ಕಿಂತ ದಪ್ಪಗಿದ್ದರೆ ಮರಳು, ಸಣ್ಣಗಿದ್ದರೆ ಜೇಡಿ. ಹೊಳೆ ಉಕ್ಕಿ ದಂಡೆ ದಾಟಿದಾಗ ನೀರಿನ ಓಟ ತಗ್ಗುತ್ತದೆ. ಮೊದಲು ಮರಳು ದಂಡೆಯ ಮೇಲೇ ಬೀಳುತ್ತದೆ, ಅದಕ್ಕೇ ದಂಡೆ ಸ್ವಲ್ಪ ಎತ್ತರವಾಗಿರುತ್ತದೆ. ರೇವೆಯೂ ಜೇಡಿಯೂ ಇನ್ನೂ ಮುಂದೆ ಸಾಗಿ, ದಂಡೆಯ ಹಿಂದಿನ ತಗ್ಗಿನಲ್ಲಿ ನೀರು ನಿಂತ ಮೇಲೆ ನಿಧಾನವಾಗಿ ತಳ ಸೇರುತ್ತವೆ. ನಿಮ್ಮ ಗದ್ದೆ ಅಂಥ ತಗ್ಗಿನಲ್ಲಿರಬೇಕು.

ರೇವೆಗೆ ಒಂದು ದೊಡ್ಡ ಗುಣವಿದೆ: ಬೆಳೆಗೆ ಸಿಗುವ ನೀರನ್ನು ಅದರಷ್ಟು ಹಿಡಿದುಕೊಳ್ಳುವ ಮಣ್ಣು ಕಡಿಮೆ. ಒಂದು ಮೀಟರ್ ಆಳದಲ್ಲಿ ಸುಮಾರು 200 ಮಿಲಿಮೀಟರ್ ನೀರು ಬೇರಿಗೆ ಸಿಗುವ ಹಾಗೆ ಇರುತ್ತದೆ. ಆದರೆ ಕಣಗಳನ್ನು ಒಟ್ಟಿಗೆ ಕಟ್ಟಿ ಹೆಂಟೆ ಮಾಡಿ ನಿಲ್ಲಿಸುವ ಜೇಡಿ ಮತ್ತು ಸಾವಯವ ಅಂಶ ಅದರಲ್ಲಿ ಕಡಿಮೆ. ಮಳೆಹನಿ ಬಿದ್ದರೆ ಹೆಂಟೆ ಕರಗಿ, ಕಣಗಳು ರಂಧ್ರಗಳಲ್ಲಿ ಕೂತು, ಒಣಗಿದಾಗ ಹಕ್ಕಳೆಯಾಗುತ್ತದೆ. ಚಿತ್ರದುರ್ಗ, ಜಗಳೂರು ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ತನ್ನನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ರೇವೆ ಅಷ್ಟು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಸಿಯಿದ್ದಾಗ ಟ್ರ್ಯಾಕ್ಟರ್ ತುಳಿದ ಗಟ್ಟಿ ಪದರ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಇನ್ನು ಬೂದುಬಣ್ಣ. ಮಣ್ಣಿಗೆ ಕೆಂಪು, ಕಂದು ಬಣ್ಣ ಕೊಡುವುದು ಕಬ್ಬಿಣ. ಗಾಳಿ ಆಡುವವರೆಗೆ ಅದು ತುಕ್ಕಾಗಿ ಕಣಗಳ ಮೇಲೆ ಕೂತಿರುತ್ತದೆ. ನೀರು ನಿಂತು ಗಾಳಿ ಹೋದರೆ ಮಣ್ಣಿನ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಮೊದಲು ಉಳಿದಿರುವ ಆಮ್ಲಜನಕ, ಆಮೇಲೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಕಟ್ಟಕಡೆಗೆ ಸಲ್ಫೇಟ್ ಬಳಸುತ್ತವೆ. ಕಬ್ಬಿಣದ ಸರದಿ ಬಂದಾಗ ಅದು ನೀರಿನಲ್ಲಿ ಕರಗಿ ಜಾಗ ಬಿಟ್ಟು ಹೋಗುತ್ತದೆ, ಹಿಂದೆ ಉಳಿದ ಕಣ ಬೂದಾಗಿ ಕಾಣುತ್ತದೆ. ಕರಗಿದ್ದು ಹಳೇ ಬೇರಿನ ಸಂದು, ಹುಳ ಕೊರೆದ ರಂಧ್ರ, ಇಂಥ ಗಾಳಿಯಿರುವ ಕಡೆ ತಲುಪಿದರೆ ಮತ್ತೆ ತುಕ್ಕಾಗುತ್ತದೆ. ನಿಮಗೆ ಕಂಡ ಗೆರೆ ಅದೇ. ಮೇ ತಿಂಗಳಲ್ಲಿ ಗುಂಡಿ ಒಣಗಿದ್ದರೂ ಆಗಸ್ಟಿನಲ್ಲಿ ನೀರು ಎಲ್ಲಿವರೆಗೆ ನಿಂತಿತ್ತು ಅನ್ನುವುದನ್ನು ಆ ಬಣ್ಣ ಹೇಳುತ್ತದೆ. ಸಸಿ ತರುವ ಮೊದಲು ಅದನ್ನು ಪೂರ್ತಿ ಓದಿಕೊಳ್ಳಿ ಅಂತ ನನ್ನ ಕಳಕಳಿಯ ಮಾತು.

ಹೊನ್ನಾಳಿ ಭತ್ತ:
ಮೇಡಂ ಹೇಳಿದ್ದು ನಮ್ಮ ಗದ್ದೆಯಾಗೆ ಕಣ್ಣಿಗೆ ಕಾಣ್ತತೆ. ಗುಂಡಿ ತೆಗೆದ್ರೆ ಒಂದೊಂದು ನೆರೆಗೂ ಒಂದೊಂದು ಪದರ. 2019ರ ಆಗಸ್ಟ್ ನೆರೆ ಬಿಟ್ಟುಹೋದ ರೇವೆ ಮ್ಯಾಲೆ ಬೇರೆಯಾಗಿ ಕಾಣ್ತತೆ, ಅದರ ಕೆಳಗೆ ಹಳೇ ಮೇಲ್ಮಣ್ಣು ಕಪ್ಪಗೆ ಹೂತುಹೋಗೈತೆ. ಮೂರಡಿ ಕೆಳಗೆ ಉಸುಕು ಬರ್ತತೆ. ಆದ್ರೂ ಮ್ಯಾಲಿನ ನೀರು ಕೆಳಗೆ ಇಳಿಯಲ್ಲ. ಉಸುಕು ಇದ್ರೆ ಸರಸರ ಬಸಿಬೇಕಲ್ಲಾ? ಇದು ಯಾಕೆ ಹಿಂಗೆ?

ಮಣ್ಣು ವಿದ್ಯಾರ್ಥಿನಿ:
ಒಳ್ಳೆಯ ಪ್ರಶ್ನೆ ಅಣ್ಣ, ಇದರಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ರೇವೆಯ ಸಣ್ಣ ರಂಧ್ರಗಳು ನೀರನ್ನು ಎಳೆದು ಹಿಡಿದುಕೊಂಡಿರುತ್ತವೆ. ಕೆಳಗಿನ ಉಸುಕಿನ ರಂಧ್ರ ದೊಡ್ಡದು, ಅದಕ್ಕೆ ಆ ಎಳೆತವಿಲ್ಲ. ಮೇಲಿನ ರೇವೆ ಹೆಚ್ಚುಕಡಿಮೆ ಪೂರ್ತಿ ನೆನೆದು ತುಂಬುವವರೆಗೂ ನೀರು ಉಸುಕಿಗೆ ದಾಟುವುದಿಲ್ಲ. ಹಾಗಾಗಿ ಉಸುಕಿನ ಪದರದ ಮೇಲೇ ನೀರು ಕಟ್ಟಿಕೊಂಡಿರುತ್ತದೆ. ಜೊತೆಗೆ ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಅದೇ ಉಸುಕಿನ ಮೂಲಕ ಹೊಳೆಯ ಒತ್ತಡವೂ ಗದ್ದೆಯ ಕಡೆಗೆ ಬರುತ್ತದೆ. ನೀವು ಕಂಡ ಕಪ್ಪು ಪದರವೂ ಮೆಕ್ಕಲಿನ ಗುರುತೇ. ಬೇರೆ ಮಣ್ಣುಗಳಲ್ಲಿ ಸಾವಯವ ಇಂಗಾಲ ಆಳಕ್ಕೆ ಹೋದ ಹಾಗೆ ಒಂದೇ ಸಮನೆ ಕಡಿಮೆಯಾಗುತ್ತದೆ, ಇಲ್ಲಿ ಕಡಿಮೆಯಾಗಿ ಮತ್ತೆ ಏರುತ್ತದೆ.

ಚನ್ನಗಿರಿ ತೋಟ:
ತಂಗೀ, ನೀನು ಓದಿದ್ದು ಸರಿ, ಆದ್ರೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. ನಮ್ಮ ಜಾಗದಾಗೂ ಬೂದುಮಣ್ಣಿತ್ತು, ತುಕ್ಕಿನ ಗೆರೆನೂ ಇತ್ತು. ಪದರ ಒಡೆದು ಕಾಲುವೆ ಮಾಡಿದ ಮ್ಯಾಲೆ ಅಡಿಕೆ ಚೆನ್ನಾಗೇ ಬಂದೈತೆ, ಸೋಗೆ ಗಿಡ್ಡಾಗಿ ಸುಳಿ ಮುದುಡೋ ಹಿಡಿಮುಂಡಿಗೆ ಇಲ್ಲ, ಬುಡ ಕೊಳೆಸೋ ಅಣಬೆ ರೋಗ ಇಲ್ಲ. ಬಣ್ಣ ನೋಡಿ ತೋಟ ಬ್ಯಾಡ ಅನ್ನೋದು ಸರಿಯಲ್ಲ. ಭತ್ತದಾಗೆ ಕೂಲಿ, ಗೊಬ್ಬರ ಕಳೆದ್ರೆ ರೈತನಿಗೆ ಏನು ಉಳೀತತೆ ಅನ್ನೋದೂ ನೋಡ್ಬೇಕು.

ಮಣ್ಣು ವಿದ್ಯಾರ್ಥಿನಿ:
ಅಣ್ಣಾ, ನಿಮ್ಮ ಅನುಭವ ನಿಜ. ಅದಕ್ಕೇ ಒಂದು ಪ್ರಶ್ನೆ: ನಿಮ್ಮ ಗುಂಡಿಯಲ್ಲಿ ಗಟ್ಟಿ ಪದರದ ಕೆಳಗೆ ಮಣ್ಣು ಯಾವ ಬಣ್ಣದಲ್ಲಿತ್ತು?

ಚನ್ನಗಿರಿ ತೋಟ:
ಕೆಳಗೆ ಕಂದುಬಣ್ಣ. ಒಂದಡಿ ಚಿಲ್ರೆವರೆಗೆ ಮಾತ್ರ ಬೂದು.

ಮಣ್ಣು ವಿದ್ಯಾರ್ಥಿನಿ:
ಹಾಗಾದರೆ ನಿಮ್ಮದೂ ಹೊಳೆಸಾಲು ಅಣ್ಣನದೂ ಬೇರೆ ಬೇರೆ ಕಾಯಿಲೆ. ಕೆಸರುಗದ್ದೆ ಹೊಡೆದು ಹೊಡೆದು ಅರ್ಧ ಅಡಿಯ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ಅದರ ಮೇಲೆ ನಾಲೆ ನೀರು ತಿಂಗಳುಗಟ್ಟಲೆ ನಿಂತು ಮೇಲಿನ ಮಣ್ಣು ಬೂದಾಗುತ್ತದೆ, ಕೆಳಗೆ ಗಾಳಿಯಾಡುತ್ತಿರುತ್ತದೆ. ಆ ನೀರು ಮೇಲಿಂದ ಬಂದದ್ದು, ನಾವೇ ನಿಲ್ಲಿಸಿದ್ದು. ನೀರು ನಿಲ್ಲಿಸುವುದನ್ನು ಬಿಟ್ಟು ಪದರ ಒಡೆದರೆ ಮಣ್ಣು ಸುಧಾರಿಸುತ್ತದೆ. ನಿಮ್ಮಲ್ಲಿ ಆದದ್ದು ಅದೇ.

ಇನ್ನೊಂದು ಬಗೆಯಲ್ಲಿ ಬೂದು ಕೆಳಗೆ ಹೋದ ಹಾಗೆ ಹೆಚ್ಚುತ್ತದೆ. ಅಲ್ಲಿ ಅಂತರ್ಜಲವೇ ಕೆಳಗಿಂದ ಏರಿ ಬೇರಿನ ಮಟ್ಟಕ್ಕೆ ಬರುತ್ತಿದೆ. ಪದರ ಒಡೆದರೆ ಅಲ್ಲಿ ಏನೂ ಆಗುವುದಿಲ್ಲ, ನೀರು ಇಳಿಯಲು ಕೆಳಗೆ ಜಾಗವೇ ಇಲ್ಲ. ಹೊಳೆಸಾಲು ಅಣ್ಣ, ದಯವಿಟ್ಟು ಗುಂಡಿಯನ್ನು ಇನ್ನೂ ಆಳ ಮಾಡಿಸಿ, ಐದಡಿಗೆ. ಒಂದೊಂದು ಅಡಿಗೂ ಬಣ್ಣ ಬರೆದಿಡಿ. ತಳದ ಹೆಂಟೆಯೊಂದನ್ನು ಒಡೆದು ನೆರಳಲ್ಲಿ ಇಡಿ. ಒಡೆದಾಗ ನೀಲಿ ಮಿಶ್ರಿತ ಬೂದಾಗಿದ್ದು, ಗಾಳಿಗೆ ಕಂದಾಗುತ್ತಾ ಬಂದರೆ ಅಲ್ಲಿ ಕಬ್ಬಿಣ ಈಗಲೂ ಕರಗಿದ ಸ್ಥಿತಿಯಲ್ಲೇ ಇದೆ ಅಂತ. ಜೊತೆಗೆ ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಜೋರಾಗಿ ಅಲ್ಲಾಡಿಸಿ ಇಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತದೆ, ರೇವೆ ಕೂರಲು ಗಂಟೆಗಳು ಬೇಕು, ಜೇಡಿ ಮರುದಿನವೂ ನೀರನ್ನು ಕದಡಿಸಿಯೇ ಇಟ್ಟಿರುತ್ತದೆ.

ಮಲೇಬೆನ್ನೂರು ಕೊನೆಭಾಗ:
ನಿಮಗೆಲ್ಲ ನೀರು ಜಾಸ್ತಿಯಾದ ಚಿಂತೆ. 2023ರಲ್ಲಿ ನಾಲೆ ಕೊನೆಭಾಗದಾಗೆ ನಾವು ನೀರಿಗಾಗಿ ಎಷ್ಟು ಒದ್ದಾಡಿದ್ವಿ ಅಂತ ನಮಗೇ ಗೊತ್ತು. ಹೊಳೆಸಾಲಿನೋರಿಗೆ ನನ್ನ ಮಾತು ಒಂದೇ: ನಿಮ್ಮ ತಗ್ಗಿಗೆ ಬಂದು ನಿಲ್ಲೋ ನೀರಿನಾಗೆ ಮೇಲಿನ ಗದ್ದೆಗಳು ಬಿಟ್ಟ ಹೆಚ್ಚುವರಿನೂ ಸೇರಿರ್ತತೆ. ತೂಬಿನ ಹತ್ರ ರಾತ್ರಿಯೆಲ್ಲಾ ನೀರು ಬಿಟ್ಟುಕೊಂಡು ಮಲಗೋದು ನಿಂತ್ರೆ ನಮಗೂ ಒಳ್ಳೇದು, ನಿಮಗೂ ಒಳ್ಳೇದು.

ಹರಿಹರ ಹೊಳೆಸಾಲು:
ತಂಗಿ ಹೇಳಿದಂಗೆ ಮಾಡಿದ್ವಿ. ಮ್ಯಾಲೆ ಅರ್ಧ ಅಡಿ ಕಂದು-ಬೂದು ಮಿಶ್ರ, ಕೆಳಗೆ ಗಟ್ಟಿ ಪದರ, ಅದೂ ಬೂದೇ. ಎರಡರಿಂದ ಮೂರಡಿವರೆಗೆ ಬೂದು ಜಾಸ್ತಿ, ತುಕ್ಕಿನ ಮಚ್ಚೆ, ಕಡಲೆಕಾಳಿನಷ್ಟು ಕರಿ ಗುಂಡುಗಳೂ ಸಿಕ್ವು. ನಾಲ್ಕಡಿಗೆ ಹೋದ್ರೆ ಪೂರ್ತಿ ಬೂದು, ತುಕ್ಕೇ ಇಲ್ಲ. ಹೆಂಟೆ ಒಡೆದಾಗ ನೀಲಿ ಛಾಯೆ ಇತ್ತು, ಊಟ ಮುಗಿಸಿ ಬಂದು ನೋಡಿದ್ರೆ ಅಂಚೆಲ್ಲ ಕಂದಾಗಿತ್ತು. ಸಂಜೆ ಹೊತ್ತಿಗೆ ಗುಂಡಿ ತಳದಾಗೆ ನೀರು ಒಸರಿ ನಿಂತಿತ್ತು, ಈ ಬೇಸಿಗೆಯಾಗೆ! ಬಾಟಲಿಯಾಗೆ ಮರಳು ಬೆರಳಗಲನೂ ಇಲ್ಲ, ಅದರ ಮ್ಯಾಲೆ ಅರ್ಧಕ್ಕಿಂತ ಜಾಸ್ತಿ ಆ ನುಣುಪು ಮಣ್ಣೇ.

ಇನ್ನೊಂದು ವಿಷಯ. ಹೊಳೆ ಕಡೆಗೆ ನಮ್ದು ಎತ್ತರದ ಒಂದು ಪಟ್ಟಿ ಐತೆ, ಅರ್ಧ ಎಕರೆಗೆ ಸ್ವಲ್ಪ ಜಾಸ್ತಿ. ಅಲ್ಲೂ ಒಂದು ಗುಂಡಿ ತೆಗೆಸಿದ್ವಿ. ಮಣ್ಣು ಸ್ವಲ್ಪ ಗರಗರ, ನಾಲ್ಕಡಿವರೆಗೂ ಕಂದೇ.

ಮಣ್ಣು ವಿದ್ಯಾರ್ಥಿನಿ:
ಇಷ್ಟು ಚೆನ್ನಾಗಿ ನೋಡಿ ಬರೆದಿದ್ದಕ್ಕೆ ತುಂಬಾ ಸಂತೋಷ ಅಣ್ಣ. ಕರಿ ಗುಂಡುಗಳು ಮ್ಯಾಂಗನೀಸ್ ಮತ್ತು ಕಬ್ಬಿಣ ಸೇರಿ ಆದವು. ನೀರು ಏರಿ ಇಳಿಯುವ ಮಟ್ಟದಲ್ಲಿ, ಅಂದರೆ ನಿಮ್ಮಲ್ಲಿ ಎರಡು ಮೂರಡಿಯಲ್ಲಿ, ಅವು ಬೆಳೆಯುತ್ತವೆ. ನಾಲ್ಕಡಿಯಲ್ಲಿ ತುಕ್ಕೇ ಇಲ್ಲದಿರುವುದು ಅಲ್ಲಿಗೆ ಗಾಳಿ ಹೋಗುವುದು ಬಹಳ ಅಪರೂಪ ಅನ್ನುವುದಕ್ಕೆ ಸಾಕ್ಷಿ. ಇದು ಅಂತರ್ಜಲದ ಬೂದು. ಅಡಿಕೆಯ ಹೆಚ್ಚಿನ ಬೇರು ಮೇಲಿನ ಎರಡು ಮೂರಡಿಯಲ್ಲೇ ಇರುತ್ತದೆ, ಆ ಎರಡು ಮೂರಡಿಯೇ ನಿಮ್ಮಲ್ಲಿ ಮುಂಗಾರಿನಲ್ಲಿ ಉಸಿರು ಕಟ್ಟುವ ಜಾಗ. ಮೂರಡಿ ಗುಂಡಿ ತೆಗೆದು ಸಸಿ ಇಟ್ಟರೆ ಅದರ ತಳ ತಿಂಗಳುಗಟ್ಟಲೆ ನೀರಿನಲ್ಲಿರುತ್ತದೆ. ಮೊದಲ ಒಂದೆರಡು ವರ್ಷ ಸಸಿ ಹಸಿರಾಗಿಯೇ ಕಾಣಬಹುದು. ಆಮೇಲೆ ಸೋಗೆ ಗಿಡ್ಡವಾಗಿ, ಮುದುಡಿ, ಸುಳಿ ಹಿಡಿಯಾಗುತ್ತಾ ಬರುತ್ತದೆ.

ಕೆಂಪುಮಣ್ಣಿನ ಬಗ್ಗೆ: ಗಟ್ಟಿ ಪದರವಿರುವ ಗದ್ದೆಯ ಮೇಲೆ ಎರಡಡಿ ಹೊಡೆಸಿದರೆ ಮಳೆನೀರು ಕೆಂಪುಮಣ್ಣಿನಲ್ಲಿ ಇಳಿದು, ಹಳೇ ನೆಲದ ಮೇಲೆ ಬಂದು ನಿಲ್ಲುತ್ತದೆ. ಕೆಳಗಿಂದ ಬರುವ ನೀರಿಗೂ ಅದು ಅಡ್ಡಿಯಲ್ಲ. ಟಿಪ್ಪರ್ ಓಡಾಡಿ ಕೆಳಗಿನ ರೇವೆ ಇನ್ನಷ್ಟು ಗಟ್ಟಿಯಾಗುತ್ತದೆ, ಮೇಲಿನವರ ನೀರು ನಿಮ್ಮ ಪಕ್ಕದವರ ಗದ್ದೆಗೆ ತಿರುಗುತ್ತದೆ. ಚನ್ನಗಿರಿ ಅಣ್ಣ ಮೊದಲೇ ಬೇಡ ಅಂದರು, ಆ ಮಾತು ಪೂರ್ತಿ ಸರಿ.

ವೇದಾವತಿ ದಂಡೆ, ಹಿರಿಯೂರು:
ಹೊರಗಿನಿಂದ ಒಂದು ಮಾತು ಸೇರಿಸ್ತೀನಿ. ನಮ್ಮಲ್ಲಿ ಮಳೆ ಕಮ್ಮಿ, ನೆಲ ಒಣ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಊರಿಗೆಲ್ಲ ಹಬ್ಬ. ಆದರೆ ಹೊಳೆಪಕ್ಕದ ತಗ್ಗು ಜಮೀನಿನಲ್ಲಿ ನೀರಿನ ಮಟ್ಟ ಮೇಲೆ ಬಂದು, ಮುಂದಿನ ಬೇಸಿಗೆಯಲ್ಲಿ ಬದುಗಳ ಮೇಲೆ ಬಿಳಿ ಉಪ್ಪು ಕಾಣಿಸಿತು. ನಿಮ್ಮ ಮಣ್ಣಿಗೂ ಆ ಭಯ ಇದೆಯಾ?

ಮಣ್ಣು ವಿದ್ಯಾರ್ಥಿನಿ:
ಇದೆ ಸರ್. ಮರಳಿನಲ್ಲಿ ನೀರು ತಾನಾಗಿ ಮೇಲೇರುವುದು ಒಂದಡಿಯ ಆಸುಪಾಸು ಮಾತ್ರ. ಜೇಡಿಯಲ್ಲಿ ಬಹಳ ಎತ್ತರಕ್ಕೆ ಏರಬಲ್ಲದು, ಆದರೆ ಆಮೆಗತಿಯಲ್ಲಿ. ರೇವೆಯಲ್ಲಿ ನಾಲ್ಕೈದು ಅಡಿ ಕೆಳಗಿನ ನೀರೂ ಬೆಳೆ ಬಳಸುವಷ್ಟು ವೇಗದಲ್ಲಿ ಮೇಲೆ ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹರಿಹರದ ಕಡೆ ಗದ್ದೆಗೆ ಪ್ರತಿ ಮಳೆಗಾಲ ನೀರು ಹರಿದು ಉಪ್ಪು ತೊಳೆದುಹೋಗುವುದರಿಂದ ಅಪಾಯ ಕಡಿಮೆ. ಗದ್ದೆ ಬೀಳುಬಿಟ್ಟರೆ ಹೆಚ್ಚುತ್ತದೆ. ಮಣ್ಣು ಪರೀಕ್ಷೆಯಲ್ಲಿ, ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಿನ ಲವಣಾಂಶ (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೈಮನ್ಸ್ ದಾಟಿದರೆ ಸವಳು ಅಂತ ಲೆಕ್ಕ. ರಸಸಾರ (ಪಿಎಚ್) 8.5 ದಾಟಿದ್ದರೆ ಸೋಡಿಯಂ ಪರೀಕ್ಷೆಯನ್ನೂ ಮಾಡಿಸಬೇಕು, ಮಣ್ಣು ಸುಧಾರಿಸಲು ಜಿಪ್ಸಂ ಬೇಕಾಗುವುದು ಸೋಡಿಯಂ ಹೆಚ್ಚಿರುವ ಮಣ್ಣಿಗೆ. ಜೌಗು ಕಂಡ ಕಡೆಯೆಲ್ಲ ಜಿಪ್ಸಂ ಸುರಿಯುವುದರಿಂದ ನೀರು ಬಸಿಯುವುದಿಲ್ಲ.

ನಾಲೆ ನಿವೃತ್ತ:
ನೀರಾವರಿ ಕೆಲಸದಲ್ಲಿ ಬದುಕು ಸವೆಸಿದವನು, ಬಸಿಗಾಲುವೆ ಬಗ್ಗೆ ಮಾತ್ರ ಹೇಳುತ್ತೇನೆ. ಎಲ್ಲರೂ ಕಾಲುವೆಯ ಅಗಲ, ಆಳ ಕೇಳುತ್ತಾರೆ. ಅದರ ಬಾಯಿ ಎಲ್ಲಿ ಬೀಳುತ್ತದೆ ಅಂತ ಮೊದಲು ಕೇಳಬೇಕು. ಹೊಳೆಸಾಲಿನವರೇ, ನಿಮ್ಮ ಗದ್ದೆಯ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಲೆವೆಲ್ ಪೈಪಿನಲ್ಲಿ ಗದ್ದೆಯ ಮಟ್ಟಕ್ಕೂ ಹಳ್ಳದ ತಳಕ್ಕೂ ಎಷ್ಟು ವ್ಯತ್ಯಾಸ ಅಂತ ಅಳೆಯಿರಿ. ಬೇಸಿಗೆಯ ಮಟ್ಟ ನೋಡಿ ಮೋಸಹೋಗಬೇಡಿ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮುಂಗಾರು ಜೋರಾದ ಕೂಡಲೇ ತುಂಬಿ ಹೊಳೆಗೆ ನೀರು ಬಿಡುತ್ತಾರೆ. ಭದ್ರೆಯೂ ತುಂಬಿ ಬಿಟ್ಟರೆ ಕೂಡಲಿಯಿಂದ ಕೆಳಗೆ ಎರಡೂ ಸೇರಿ ಬರುತ್ತದೆ. ಹರಿಹರದಲ್ಲಿ ಸೂಳೆಕೆರೆ ಕಡೆಯಿಂದ ಬರುವ ಹರಿದ್ರಾವತಿಯೂ ಸೇರುತ್ತದೆ. ಹೊಳೆ ಏರಿದಾಗ ಹಳ್ಳಗಳು ಹಿಮ್ಮುಖವಾಗಿ ತುಂಬುತ್ತವೆ. ನೀವು ನೀರು ಹೊರಹಾಕಲು ತೆಗೆದ ಕಾಲುವೆಯೇ ನೀರು ಒಳಗೆ ತರುತ್ತದೆ. ಬಾಯಿಗೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಹಾಕಿದರೆ ಹೊಳೆ ನೀರು ತಡೆಯಬಹುದು. ಆದರೆ ಅಷ್ಟು ದಿನ ಒಳಗಿನ ಮಳೆನೀರೂ ಒಳಗೇ ಉಳಿಯುತ್ತದೆ, ಪಂಪಿನಲ್ಲಿ ಎತ್ತಬೇಕು.

ರೇವೆಯಲ್ಲಿ ಕಾಲುವೆಯ ಗೋಡೆ ನೇರವಾಗಿ ಕಡಿದರೆ ಮೊದಲ ಮಳೆಗೇ ಕುಸಿದು ತುಂಬುತ್ತದೆ. ಒಂದಡಿ ಆಳಕ್ಕೆ ಎರಡೂ ಬದಿ ಒಂದೂವರೆ ಅಡಿ ಇಳಿಜಾರು ಕೊಡಿ, ಉದ್ದಕ್ಕೆ ನೂರಡಿಗೆ ಒಂದೆರಡು ಇಂಚು ಇಳಿಜಾರು ಸಾಕು. ತೂತಿನ ಪೈಪು ಹೂಳುವ ಆಲೋಚನೆ ಇದ್ದರೆ ಸುತ್ತ ತೆಂಗಿನ ನಾರು ಅಥವಾ ಶೋಧಕ ಬಟ್ಟೆ ಸುತ್ತದೆ ಹೂಳಬೇಡಿ, ರೇವೆ ಒಳಗೆ ನುಗ್ಗಿ ಪೈಪು ಕಟ್ಟಿಕೊಳ್ಳುತ್ತದೆ.

ಹೊನ್ನಾಳಿ ಭತ್ತ:
ಇನ್ನೊಂದು ಎಚ್ಚರಿಕೆ ಅಣ್ಣಾರೇ. ಇಂಥ ನುಣುಪು ಮಣ್ಣು ಕಂಡ್ರೆ ಇಟ್ಟಿಗೆ ಭಟ್ಟಿಯೋರು ಬಂದು ಎರಡಡಿ ಮಣ್ಣು ಕೊಡ್ರಿ ಅಂತ ಕೈತುಂಬ ದುಡ್ಡು ತೋರಿಸ್ತಾರೆ. ಕೊಟ್ರೆ ಗದ್ದೆ ಎರಡಡಿ ತಗ್ಗಾತು, ಅಂತರ್ಜಲ ಎರಡಡಿ ಹತ್ರ ಬಂತು ಅಂತಲೇ ಲೆಕ್ಕ. ನಮ್ಮ ಪಕ್ಕದಾಗೆ ಹಂಗೆ ಕೊಟ್ಟ ಜಾಗದಾಗೆ ಈಗ ಜೌಗಿನಾಗೆ ಬೆಳೆಯೋ ಆಪು ಹುಲ್ಲು ಬೆಳೆದೈತೆ.

ಹರಿಹರ ಹೊಳೆಸಾಲು:
ನಿವೃತ್ತ ಸರ್, ಅಳೆದ್ವಿ. ಹಳ್ಳದ ತಳ ನಮ್ಮ ಗದ್ದೆಗಿಂತ ಮೂರಡಿ ಮಾತ್ರ ಕೆಳಗೈತೆ. ನೆರೆ ಬಂದಾಗ ಹಳ್ಳ ಗದ್ದೆಗೆ ಸಮ ಆಗ್ತತೆ, ಒಂದೊಂದು ವರ್ಷ ಮ್ಯಾಲೂ ಹತ್ತತೆ. ತಮ್ಮನ್ನೂ ಗುಂಡಿ ಹತ್ರ ಕರ್ಕೊಂಡು ಹೋಗಿ ತೋರಿಸಿದೆ. ಒಸರಿದ ನೀರು ನೋಡಿ ಅವನೂ ಸುಮ್ಮನಾದ. ತಗ್ಗಿನಾಗೆ ಭತ್ತನೇ ಇರ್ಲಿ ಅಂತ ಆಗೈತೆ. ಎತ್ತರದ ಪಟ್ಟಿಗೆ ಅಡಿಕೆ ಹಾಕಬಹುದಾ? ಭತ್ತಕ್ಕೇ ಅಂತಾದ್ರೆ ಅದ್ರಾಗಾದ್ರೂ ಇಳುವರಿ ಹೆಚ್ಚು ಮಾಡೋ ದಾರಿ ಹೇಳ್ರಿ. ಯೂರಿಯಾ ಎಷ್ಟು ಹಾಕಿದ್ರೂ ಪೈರು ಹಳದಿ ತಿರುಗ್ತತೆ.

ಮಣ್ಣು ವಿದ್ಯಾರ್ಥಿನಿ:
ಭತ್ತದ ಕಾಂಡದಲ್ಲಿ ಗಾಳಿ ಇಳಿಯಲು ಕೊಳವೆಗಳಿವೆ, ಅದು ತನ್ನ ಬೇರಿಗೆ ತಾನೇ ಗಾಳಿ ಒಯ್ಯುತ್ತದೆ. ಅದಕ್ಕೇ ಈ ಮಣ್ಣು ಅದಕ್ಕೆ ಒಗ್ಗುತ್ತದೆ. ನೀರು ನಿಂತಾಗ ರಸಸಾರ 7ರ ಹತ್ತಿರ ಬರುತ್ತದೆ, ರಂಜಕವೂ ಹೆಚ್ಚು ಸಿಗುತ್ತದೆ. ತೊಂದರೆ ಸಾರಜನಕ ಮತ್ತು ಸತುವಿನದು.

ನಾಲೆಯಲ್ಲಿ ಸರದಿಯಂತೆ ನೀರು ಬಿಟ್ಟು ನಿಲ್ಲಿಸುವಾಗ ಗದ್ದೆ ಆರುತ್ತದೆ, ಗಾಳಿ ಸೇರಿ ಯೂರಿಯಾದ ಸಾರಜನಕ ನೈಟ್ರೇಟ್ ಆಗುತ್ತದೆ. ಮತ್ತೆ ನೀರು ನಿಂತ ಕೂಡಲೇ ಸೂಕ್ಷ್ಮಜೀವಿಗಳು ಆ ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಪ್ರತಿ ಸರದಿಗೂ ಹೀಗೆ ನಷ್ಟ. ಹಾಗಾಗಿ ಯೂರಿಯಾ ಒಟ್ಟಿಗೆ ಚೆಲ್ಲಬೇಡಿ, ಕಂತು ಮಾಡಿ. ನೀರು ತೆಳುವಾಗಿದ್ದಾಗ ಹಾಕಿ ಕೆಸರಿನೊಳಗೆ ಸೇರಿಸಿ, ಆಮೇಲೆ ನೀರು ಕಟ್ಟಿ. ನಾಟಿಯಾಗಿ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಚುಕ್ಕೆ ಬಂದು ಪೈರು ಕುಂಟಿದರೆ ಅದು ಹೆಚ್ಚಾಗಿ ಸತುವಿನ ಕೊರತೆ. ಎಕರೆಗೆ 8 ಕೆಜಿ ಜಿಂಕ್ ಸಲ್ಫೇಟ್ ಹಾಕಿ, ಆದರೆ ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ. ಕಿತ್ತ ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೊಬ್ಬರ ನಿಲ್ಲಿಸಿ ಮೊದಲು ಗದ್ದೆ ಆರಿಸಿ. ಎರಡು ಬೆಳೆಯ ಸಂದಿನಲ್ಲಿ ಹಸಿರೆಲೆ ಗೊಬ್ಬರದ ಗಿಡ ಡಯಾಂಚ ಬಿತ್ತಿ ಹೂ ಬರುವ ಮುಂಚೆ ಮಗುಚಿದರೆ ಹಕ್ಕಳೆಯೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತದೆ, ನಾಟಿಗೆ ಮೊದಲು ಅದು ಕಳಿಯಲು ಸಮಯ ಕೊಡಿ.

ಎತ್ತರದ ಪಟ್ಟಿಯ ಮಣ್ಣು ಅಡಿಕೆಗೆ ಆಗುತ್ತದೆ ಅನ್ನಿಸುತ್ತದೆ. ಆದರೂ ಒಂದು ಮಳೆಗಾಲ ಕಾಯಿರಿ.

ಚನ್ನಗಿರಿ ತೋಟ:
ತಂಗಿ ಮಾತಿಗೆ ನನ್ನದೂ ಒಪ್ಪಿಗೆ. ಕೆಳಗೆ ಬೂದು ಅಂತ ಗೊತ್ತಾದ ಮ್ಯಾಲೆ ತಗ್ಗಿಗೆ ಅಡಿಕೆ ಹಾಕ್ರಿ ಅಂತ ನಾನೂ ಹೇಳಲ್ಲ. ಪಟ್ಟಿಗೆ ಹಾಕುವಾಗ ಬಸಿಗಾಲುವೆ ತಳ ಸಸಿ ಗುಂಡಿಯ ತಳಕ್ಕಿಂತ ಆಳ ಇರಲಿ. ಗದ್ದೆ ನೀರು ಪಟ್ಟಿ ಕಡೆ ಜಿನುಗದಂಗೆ ನಡುವೆ ಒಂದು ಅಡ್ಡಗಾಲುವೆ ಬೇಕೇ ಬೇಕು.

ನಾಲೆ ನಿವೃತ್ತ:
ಕಾಯುವ ಮಳೆಗಾಲವನ್ನು ಸುಮ್ಮನೆ ಕಳೆಯಬೇಡಿ. ಎರಡಿಂಚಿನ ಪಿವಿಸಿ ಪೈಪು ಆರಡಿ ತೊಗೊಂಡು, ಕೆಳಗಿನ ನಾಲ್ಕಡಿಗೆ ತೂತು ಹಾಕಿ, ಬಟ್ಟೆ ಸುತ್ತಿ, ಪಟ್ಟಿಯಲ್ಲಿ ಒಂದು, ತಗ್ಗಿನಲ್ಲಿ ಒಂದು ಐದಡಿ ಆಳಕ್ಕೆ ಹುಗಿಯಿರಿ. ಮೇಲೆ ಮುಚ್ಚಳ ಇರಲಿ, ಪೈಪಿನ ಸುತ್ತ ಮಣ್ಣು ಗಟ್ಟಿಯಾಗಿ ತುಳಿಯಿರಿ, ಇಲ್ಲದಿದ್ದರೆ ಮಳೆನೀರು ಪಕ್ಕದಿಂದಲೇ ಇಳಿದು ಲೆಕ್ಕ ಕೆಡುತ್ತದೆ. ವಾರಕ್ಕೊಮ್ಮೆ ಕೋಲು ಇಳಿಸಿ ನೀರು ನೆಲಮಟ್ಟದಿಂದ ಎಷ್ಟು ಕೆಳಗಿದೆ ಅಂತ ಬರೆದಿಡಿ, ಹೊಳೆ ಏರಿದ ವಾರ ದಿನವೂ ನೋಡಿ. ಪಟ್ಟಿಯ ಪೈಪಿನಲ್ಲಿ ನೀರು ಮೂರಡಿಗಿಂತ ಮೇಲೆ ಬಂದು ವಾರಗಟ್ಟಲೆ ನಿಂತರೆ ಅಲ್ಲಿಯೂ ಸಸಿ ಇಡಬೇಡಿ. ಬಂದರೂ ಎರಡು ಮೂರು ದಿನಕ್ಕೆ ಇಳಿದುಹೋದರೆ ಮುಂದಿನ ವರ್ಷ ಇಡಬಹುದು. ಅಂಕಿ ಇಲ್ಲಿ ಹಾಕಿ, ನೋಡುತ್ತೇನೆ.

ಹರಿಹರ ಹೊಳೆಸಾಲು:
ಆತು ಸರ್. ಪೈಪು ನಾಳೆನೇ ತರ್ತೀನಿ. ನಾಲೆಗೆ ನೀರು ಬಿಡೋದ್ರೊಳಗೆ ಎರಡೂ ಹುಗಿದು, ಮೊದಲ ಅಳತೆ ಹಾಕ್ತೀನಿ.